ಜಂಪ್ ಸೀಟ್ ಖಾಲಿ ಇದ್ದರೂ ಗ್ರೌಂಡ್ ಸ್ಟಾಫಿಗೆ ಯಾಕೆ ಕೊಡುವುದಿಲ್ಲ?

ನೀರ್ಚಾಲು_ತೋಟ

ಇಲ್ಲಿ ನಮ್ಮ ಕಾಸರಗೋಡು ಕಡೆಯವರು ಸುಮಾರು ಜನ ವಿಮಾನದ ಕೆಲಸದಲ್ಲಿ ಇದ್ದೀರಿ. ಹಾಗಾಗಿ ಇಲ್ಲೇ ಕೇಳ್ತೇನೆ.

ನಾನು ಬೆಂಗಳೂರು ಏರ್‌ಪೋರ್ಟಿನಲ್ಲಿ ಚೆಕ್-ಇನ್ ಕೌಂಟರಿನಲ್ಲಿ ಇರುವುದು, ನಾಲ್ಕು ವರ್ಷ ಆಯ್ತು. ಕಳೆದ ವಾರ ಮಧ್ಯಾಹ್ನ ಎರಡೂವರೆಗೆ ಚಿಕ್ಕಪ್ಪ ಫೋನ್ ಮಾಡಿ ಅಜ್ಜಿ ಹೋದ್ರು ಅಂದ್ರು. ನನ್ನನ್ನು ಸಾಕಿದ್ದೇ ಅಜ್ಜಿ. ನೀನು ಬರುವವರೆಗೆ ಕಾಯ್ತೇವೆ, ಆದ್ರೆ ರಾತ್ರಿ ಹತ್ತು ದಾಟಿಸುವುದು ಕಷ್ಟ ಅಂದ್ರು. ಸಂಜೆಯ ಮಂಗಳೂರು ಫ್ಲೈಟಿಗೆ ಸ್ಟಾಫ್ ಟಿಕೆಟ್ ಹಾಕಿದೆ. ಗೊತ್ತಿಲ್ಲದವರಿಗೆ ಹೇಳ್ತೇನೆ, ಅದು ಸಬ್‌ಲೋಡ್ ಟಿಕೆಟ್. ಸೀಟ್ ಉಳಿದರೆ ಮಾತ್ರ ನಮಗೆ. ದುಡ್ಡು ಕೊಟ್ಟು ತೆಗೆಯುವಾ ಅಂದ್ರೆ ಫ್ಲೈಟ್ ತುಂಬಿತ್ತು, 180ಕ್ಕೆ 180. ಒಬ್ಬರಾದರೂ ಬಾರದೆ ಇರ್ತಾರೆ ಅಂತ ಗೇಟಿನಲ್ಲಿ ನಿಂತೆ. ಎಲ್ಲರೂ ಬಂದ್ರು.

ಹಿಂದಿನ ಗ್ಯಾಲಿಯಲ್ಲಿ, ಊಟ ತಿಂಡಿ ಇಡುವ ಜಾಗದಲ್ಲಿ, ಒಂದು ಜಂಪ್ ಸೀಟ್ (ಕ್ರೂ ಕೂರುವ ಸೀಟ್) ಖಾಲಿ ಉಂಟು ಅಂತ ನನಗೆ ಗೊತ್ತಿತ್ತು. ಲೀಡ್ ಕ್ರೂ ಹತ್ರ ಕೇಳಿದೆ. ಅವರು ಒಳಗೆ ಹೋಗಿ ಕಮಾಂಡರ್, ಅಂದ್ರೆ ಮುಖ್ಯ ಪೈಲಟ್ ಹತ್ರ ಕೇಳಿ ಬಂದು, ಆಗುವುದಿಲ್ಲ ಅಂದ್ರು. ಅವರ ಕಣ್ಣಲ್ಲೂ ಬೇಜಾರಿತ್ತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಬಾಗಿಲು ಹಾಕುವ ಐದು ನಿಮಿಷ ಮೊದಲು ಯೂನಿಫಾರ್ಮಿನಲ್ಲಿದ್ದ ಒಬ್ಬಳು ಕ್ರೂ ಓಡಿಕೊಂಡು ಬಂದಳು. ಅವಳನ್ನು ಅದೇ ಸೀಟಿಗೆ ಕಳಿಸಿದ್ರು.

ಮತ್ತೆ ರಾತ್ರಿ ಬಸ್ಸು. ಶಿರಾಡಿಯಲ್ಲಿ ಲಾರಿ ಸಾಲು. ಕುಂಬಳೆಯಲ್ಲಿ ಇಳಿದು ಆಟೋ ಹಿಡಿದು ಮನೆಗೆ ತಲಪುವಾಗ ಬೆಳಿಗ್ಗೆ ಎಂಟೂವರೆ. ತೋಟದ ಕೆಳಗೆ ಹೊಗೆ ಮಾತ್ರ ಇತ್ತು.

ಎರಡೂವರೆಗೇ ಟ್ಯಾಕ್ಸಿ ಹಿಡಿದು ಹೊರಟಿದ್ರೆ ಮುಖ ನೋಡಬಹುದಿತ್ತು. ನಮ್ಮದೇ ಕಂಪೆನಿ, ನಮ್ಮದೇ ವಿಮಾನ ಅಂತ ನಂಬಿ ಸಂಜೆಯವರೆಗೆ ಕಾದೆ. ಖಾಲಿ ಇದ್ದ ಸೀಟು ಕ್ರೂಗೆ ಆಗ್ತದೆ, ಅದೇ ಕಂಪೆನಿಯ ನನಗೆ ಯಾಕೆ ಆಗುವುದಿಲ್ಲ?

—

ಉಪ್ಪಳದವ_ಶಾರ್ಜಾ

ತಂಗೀ, ಓದಿ ಮನಸ್ಸು ಕಲಕಿತು. ಅಪ್ಪ ತೀರಿಹೋದಾಗ ನಾನೂ ಶಾರ್ಜಾದಲ್ಲಿ ಟಿಕೆಟಿಗೆ ಅಲೆದವನೇ. ಮಣ್ಣು ಹಾಕ್ಲಿಕ್ಕೆ ಸಿಕ್ಕಲಿಲ್ಲ.

ಜಂಪ್ ಸೀಟ್ ಅಂದ್ರೆ ಆ ಗೋಡೆಗೆ ಮಡಚಿ ಇಟ್ಟದ್ದಾ, ಬಾಗಿಲ ಹತ್ರ? ನಮ್ಮ ತಲಪಾಡಿ ಬಸ್ಸಿನಲ್ಲಿ ಕಂಡಕ್ಟರ್ ಸೀಟಿನಲ್ಲಿ ಪರಿಚಯದವರನ್ನು ಕೂರಿಸುತ್ತಾರೆ, ಕಂಡಕ್ಟರ್ ನಿಂತುಕೊಂಡು ಬರ್ತಾರೆ. ಇಲ್ಲಿ ಸೀಟು ಖಾಲಿಯೇ ಇತ್ತು ಅಂತೀರಿ. ಕೊಟ್ಟಿದ್ರೆ ಯಾರಿಗೆ ಏನು ನಷ್ಟ?

—

ಮಂಜೇಶ್ವರ_ಗ್ಯಾಲಿ

ನೀರ್ಚಾಲು ತಂಗಿ, ಮೊದಲು ಒಂದು ಮಾತು. ಅಜ್ಜಿಯ ಮುಖ ನೋಡಲು ಆಗದ್ದು ನಿಮ್ಮ ತಪ್ಪಲ್ಲ. ಎರಡೂವರೆಗೆ ಹೊರಟಿದ್ರೆ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಹನ್ನೊಂದು ವರ್ಷ ಕ್ರೂ ಆಗಿ ಹಾರಿದವಳು ನಾನು, ಮೂರು ಸಲ ಇದೇ ಲೆಕ್ಕ ಹಾಕಿದ್ದೇನೆ.

ಈಗ ಉಪ್ಪಳದ ಅಣ್ಣನ ಪ್ರಶ್ನೆ. ಕಂಡಕ್ಟರ್ ಸೀಟಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಉಂಟು. ಆ ಸೀಟು ಯಾಕೆ ಬಾಗಿಲ ಪಕ್ಕವೇ ಇರುವುದು, ಎದ್ದ ಕೂಡಲೇ ಸ್ಪ್ರಿಂಗಿನಲ್ಲಿ ತಾನಾಗಿಯೇ ಯಾಕೆ ಮಡಚಿಕೊಳ್ಳುವುದು? ದಾರಿಗೆ ಅಡ್ಡ ಆಗಬಾರದು ಅಂತ. ಪ್ರಯಾಣಿಕರಿಗೆ ಸೊಂಟದ ಬೆಲ್ಟ್ ಮಾತ್ರ, ನಮಗೆ ಹೆಗಲ ಮೇಲಿಂದಲೂ ಪಟ್ಟಿ ಬರ್ತದೆ. ಯಾಕಂದ್ರೆ ಬಿದ್ದರೂ ನಾವು ಎಚ್ಚರ ಇರಬೇಕು, ಎದ್ದು ಬಾಗಿಲು ತೆಗೆಯಬೇಕು. ಟೇಕಾಫ್ ಆಗುವಾಗ ನಾವು ಸುಮ್ಮನೆ ಕೂತ ಹಾಗೆ ಕಾಣ್ತದೆ. ಆ ಅರ್ಧ ನಿಮಿಷ ಮನಸ್ಸಿನಲ್ಲೇ ಒಂದು ಪಾಠ ಓಡ್ತಾ ಇರ್ತದೆ. ನನ್ನ ಬಾಗಿಲು ಯಾವುದು, ಹೊರಗೆ ಬೆಂಕಿ ಇದ್ದರೆ ಜನರನ್ನು ಯಾವ ಕಡೆ ತಿರುಗಿಸಬೇಕು, ಏನಂತ ಕೂಗಬೇಕು, ನನ್ನ ಸಾಲುಗಳಲ್ಲಿ ಮಗು ಎತ್ತಿಕೊಂಡವರು ಯಾರು, ಕೋಲು ಹಿಡಿದವರು ಯಾರು. ಪ್ರತಿ ಟೇಕಾಫಿಗೂ, ಪ್ರತಿ ಲ್ಯಾಂಡಿಂಗಿಗೂ ಇದು ಉಂಟು.

ಒಂದು ಮಾದರಿಯ ವಿಮಾನಕ್ಕೆ ಒಪ್ಪಿಗೆ ಸಿಗಬೇಕಾದರೆ, ಅರ್ಧ ಬಾಗಿಲುಗಳು ಮಾತ್ರ ತೆರೆದರೂ 90 ಸೆಕೆಂಡಿನಲ್ಲಿ ತುಂಬಿದ ವಿಮಾನ ಖಾಲಿ ಆಗ್ತದೆ ಅಂತ ತೋರಿಸಿಕೊಡಬೇಕು. ಆ 90 ಸೆಕೆಂಡು ಶುರುವಾಗುವುದು ಜಂಪ್ ಸೀಟಿನಿಂದ. ಅಲ್ಲಿ ಕೂತವರಿಗೆ ಕಿಟಕಿಯಲ್ಲಿ ಹೊರಗೆ ನೋಡದೆ ಬಾಗಿಲು ತೆಗೆಯಬಾರದು ಅಂತ ಗೊತ್ತಿಲ್ಲದಿದ್ದರೆ ಬೆಂಕಿಯನ್ನು ನಾವೇ ಒಳಗೆ ಕರೆದ ಹಾಗೆ.

ನಾವು ವರ್ಷ ವರ್ಷ ಎಸ್‌ಇಪಿ, ಅಂದ್ರೆ ಸುರಕ್ಷತೆ ಮತ್ತು ತುರ್ತು ಕ್ರಮಗಳ ಟ್ರೈನಿಂಗಿಗೆ ಹೋಗ್ತೇವೆ. ಹೊಗೆ ತುಂಬಿದ ಕೋಣೆ, ಈಜುಕೊಳದಲ್ಲಿ ರಾಫ್ಟ್, ಬಾಗಿಲಿನ ಡ್ರಿಲ್. ಫೇಲ್ ಆದ್ರೆ ಹಾರುವ ಹಾಗಿಲ್ಲ. ನಿಮಗೆ ಕೌಂಟರಿನಲ್ಲಿ ಆ ಟ್ರೈನಿಂಗ್ ಕೊಡುವುದಿಲ್ಲ. ವ್ಯತ್ಯಾಸ ಅಷ್ಟೇ. ನೀವು ಕಡಿಮೆ, ನಾವು ಹೆಚ್ಚು ಅಂತ ಅಲ್ಲ.

—

ನೀರ್ಚಾಲು_ತೋಟ

ಅಕ್ಕ, ಬಾಗಿಲಿನ ವಿಷಯ ಒಪ್ಪಿದೆ. ಆದ್ರೆ ಕೆಲಸದ ಕ್ರೂ ನಾಲ್ಕೂ ಜನ ಅವರವರ ಸೀಟಿನಲ್ಲೇ ಇದ್ರು. ಇದು ಹೆಚ್ಚಿನ ಸೀಟು. ನಾನು ಕೂತಿದ್ರೆ ಯಾವ ಬಾಗಿಲಿಗೂ ಜನ ಕಡಿಮೆ ಆಗ್ತಿರಲಿಲ್ಲ. ಇನ್ನು ಆ ಹುಡುಗಿ? ಅವಳ ಮನೆ ಸುರತ್ಕಲ್ ಅಂತ ಆಮೇಲೆ ಗೊತ್ತಾಯ್ತು. ರಜೆಗೆ ಮನೆಗೆ ಹೋಗುವವಳಿಗೆ ಸೀಟು, ಸಾವಿಗೆ ಹೋಗುವವಳಿಗೆ ಇಲ್ಲ.

ಅಮೆರಿಕದಲ್ಲಿ ಒಂದು ಊರಿನಲ್ಲಿ ಮನೆ, ಇನ್ನೊಂದು ಊರಿನಲ್ಲಿ ಬೇಸ್ ಅಂತ ಸಾವಿರಗಟ್ಟಲೆ ಜನ ಜಂಪ್ ಸೀಟಿನಲ್ಲೇ ಕೆಲಸಕ್ಕೆ ಹೋಗಿ ಬರ್ತಾರಂತೆ. ಅಲ್ಲಿ ಆಗುವುದು ಇಲ್ಲಿ ಯಾಕಿಲ್ಲ?

—

ಲೋಡ್‌ಶೀಟ್_ಬಜ್ಪೆ

ನಾನು ಕ್ರೂ ಅಲ್ಲ, ಕಾಗದದ ಕಡೆಯವನು. ಊರು ಮುಳ್ಳೇರಿಯ, ಬಜ್ಪೆಯಲ್ಲಿ, ಮಂಗಳೂರು ಏರ್‌ಪೋರ್ಟಿನಲ್ಲಿ ಕೆಲಸ ಮಾಡಿ ತಲೆ ನರೆತಿದೆ.

ಅಮೆರಿಕದ ಮಾತು ಬಂದದ್ದಕ್ಕೆ ಹೇಳುವುದು. ಅಲ್ಲೂ ಕ್ಯಾಬಿನ್ ಜಂಪ್ ಸೀಟು ಕ್ರೂ ತರಬೇತಿ ಇದ್ದವರಿಗೇ. ಕಾಕ್‌ಪಿಟ್ಟಿನ ಸೀಟು ಮುಖ್ಯವಾಗಿ ಪೈಲಟ್‌ಗಳಿಗೆ, ತಪಾಸಣೆಗೆ ಬರುವ ಅಧಿಕಾರಿಗಳಿಗೆ. ಕೌಂಟರಿನವರಿಗೆ ಅಲ್ಲೂ ಸ್ಟ್ಯಾಂಡ್‌ಬೈ ಸಾಲೇ ಗತಿ. 2001ರ ಸೆಪ್ಟೆಂಬರ್ 11ರ ನಂತರ ಬೇರೆ ಕಂಪೆನಿಯ ಪೈಲಟ್‌ಗಳಿಗೂ ಬಾಗಿಲು ಮುಚ್ಚಿತ್ತು. ಆಮೇಲೆ ಕ್ಯಾಸ್ ಅಂತ ಕಂಪ್ಯೂಟರ್ ವ್ಯವಸ್ಥೆ ಮಾಡಿದ್ರು. ಗುರುತು ಚೀಟಿ ತೋರಿಸಿದ್ರೆ ಸಾಲದು, ಈ ಮನುಷ್ಯ ಇವತ್ತಿಗೂ ಕೆಲಸದಲ್ಲಿ ಇದ್ದಾನಾ ಅಂತ ಗೇಟಿನಲ್ಲೇ ನೋಡಿ ಮತ್ತೆ ಹತ್ತಿಸುವುದು.

ಯಾಕೆ ಇಷ್ಟು ಬಿಗಿ? 1987ರ ಡಿಸೆಂಬರ್ 7ರಂದು ಕ್ಯಾಲಿಫೋರ್ನಿಯಾದಲ್ಲಿ, ಕೆಲಸದಿಂದ ತೆಗೆದುಹಾಕಿದ ಒಬ್ಬ ನೌಕರ ಪಿಸ್ತೂಲು ಹಿಡಿದು ಹತ್ತಿದ. ವಿಮಾನ ಬಿದ್ದು 43 ಜನ ಹೋದರು. 1994ರ ಏಪ್ರಿಲ್ 7ರಂದು ಫೆಡೆಕ್ಸಿನ ಸರಕು ವಿಮಾನದಲ್ಲಿ ಜಂಪ್ ಸೀಟಿನಲ್ಲಿ ಬಂದ ನೌಕರನೇ ಸುತ್ತಿಗೆಯಿಂದ ಪೈಲಟ್‌ಗಳಿಗೆ ಹೊಡೆದ. ತಲೆಯೊಡೆದ ಸ್ಥಿತಿಯಲ್ಲೂ ಅವರು ವಿಮಾನ ಇಳಿಸಿದ್ರು. 2023ರ ಅಕ್ಟೋಬರಿನಲ್ಲಿ ರಜೆಯಲ್ಲಿದ್ದ ಪೈಲಟ್ ಒಬ್ಬ ಕಾಕ್‌ಪಿಟ್ ಜಂಪ್ ಸೀಟಿನಿಂದ ಎದ್ದು ಎಂಜಿನ್ ಬೆಂಕಿ ಆರಿಸುವ ಹಿಡಿಗಳನ್ನು ಎಳೆಯಲು ಹೋದ. ಮೂವರೂ ವಿಮಾನದವರೇ. ಯೂನಿಫಾರ್ಮ್ ನೋಡಿ ನಂಬುವ ಹಾಗಿಲ್ಲ ಅಂತ ಈ ಮೂರು ಘಟನೆ ಕಲಿಸಿದ್ದು.

ನಮ್ಮಲ್ಲಿ 2023ರ ಫೆಬ್ರವರಿಯಲ್ಲಿ ದುಬೈಯಿಂದ ದೆಹಲಿಗೆ ಬರುವ ವಿಮಾನದಲ್ಲಿ ಪೈಲಟ್ ಒಬ್ಬರು ಪರಿಚಯದವರನ್ನು ಕಾಕ್‌ಪಿಟ್ಟಿಗೆ ಕರೆಸಿಕೊಂಡರು. ವಿಮಾನಯಾನದ ಸರಕಾರಿ ನಿಯಂತ್ರಕ ಡಿಜಿಸಿಎ ಕಂಪೆನಿಗೆ 30 ಲಕ್ಷ ದಂಡ ಹಾಕಿ, ಪೈಲಟ್ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಿತು. ಅದು ಕ್ಯಾಬಿನ್ ಸೀಟಿನ ಪ್ರಕರಣ ಅಲ್ಲ, ಗೊತ್ತುಂಟು. ಆದ್ರೆ ಅದನ್ನು ಓದಿದ ಯಾವ ಕಮಾಂಡರೂ ಬಾಗಿಲು ಹಾಕುವ ಹೊತ್ತಿಗೆ ಯಾವ ಸೀಟಿನ ವಿಷಯದಲ್ಲೂ ಹೂಂ ಅನ್ನಲಿಕ್ಕೆ ಹಿಂದೆಮುಂದೆ ನೋಡ್ತಾರೆ.

ಇನ್ನು ಲೋಡ್ ಶೀಟ್, ಅಂದ್ರೆ ವಿಮಾನದ ಜನ, ಸಾಮಾನು, ತೂಕದ ಲೆಕ್ಕದ ಕಾಗದ. ಎರಡು ಪೈಲಟ್, ನಾಲ್ಕು ಕ್ರೂ ಇದ್ರೆ 2/4 ಅಂತ ಬರೆಯುತ್ತೇವೆ. ಜಂಪ್ ಸೀಟಿನಲ್ಲಿ ಇನ್ನೊಬ್ಬರು ಕೂತ್ರೆ 2/5. ಬಾಲದ ಹತ್ರದ ಸೀಟಾದ್ದರಿಂದ ಟ್ರಿಮ್ಮಿನಲ್ಲೂ, ಅಂದ್ರೆ ಹಿಂದಿನ ಮುಂದಿನ ತೂಕದ ಸಮತೋಲದ ಲೆಕ್ಕದಲ್ಲೂ ಸೇರಿಸಬೇಕು. ಏರ್‌ಬಸ್ಸಿನಂಥ ವಿಮಾನಕ್ಕೆ ಒಬ್ಬರ ತೂಕ ದೊಡ್ಡದೇನಲ್ಲ, ನಿಜ ಹೇಳ್ತೇನೆ. ಆದ್ರೆ ಕಾಗದದಲ್ಲಿ ಇಲ್ಲದ ಜನ ಒಳಗೆ ಇರುವ ಹಾಗಿಲ್ಲ. ಬಜ್ಪೆಯ ರನ್‌ವೇ 2450 ಮೀಟರ್, ಗುಡ್ಡದ ತಲೆಯಲ್ಲಿ. ಮಳೆಗಾಲದಲ್ಲಿ ಅಲ್ಲಿ ಇಳಿಯುವ ವಿಮಾನದ ಲೆಕ್ಕ ಸರಿ ಇರಬೇಕು ಅಂತ ಹಟ ಹಿಡಿಯುವವ ನಾನು. ಯಾಕಂತ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

—

ಮಧೂರು_ಮೇಷ್ಟ್ರು

ನನಗೆ ವಿಮಾನದ ಒಳಗಿನ ವಿಚಾರ ತಿಳಿಯದು. ವರ್ಷಕ್ಕೊಮ್ಮೆ ಮಗಳ ಮನೆಗೆ ಹೋಗುವ ಪ್ರಯಾಣಿಕ ನಾನು. ಒಂದು ಮಾತು ಸೇರಿಸಬೇಕು ಅನಿಸಿತು.

2017ರ ಏಪ್ರಿಲ್ 9ರಂದು ಷಿಕಾಗೋದಲ್ಲಿ ಒಬ್ಬ ಪ್ರಯಾಣಿಕರನ್ನು ಸೀಟಿನಿಂದ ಎಳೆದು ಹಾಕಿದ ವಿಡಿಯೊ ಎಲ್ಲರೂ ನೋಡಿದ್ದೀರಿ. ಅಲ್ಲಿ ನಾಲ್ಕು ಸೀಟು ಬೇಕಾದದ್ದು ಆ ಕಂಪೆನಿಯ ಕೆಲಸದ ಕ್ರೂಗೇ, ಲೂಯಿವಿಲ್‌ಗೆ ಹೋಗಲು. ಜನರನ್ನು ಕೂರಿಸಿದ ಮೇಲೆ ಎಬ್ಬಿಸಿದ್ದರಿಂದ ಆದ ಅನಾಹುತ ಅದು. ನಮ್ಮ ದೇಶದಲ್ಲಿ ಟಿಕೆಟ್ ಇದ್ದವರನ್ನು ಹತ್ತಿಸದೆ ಬಿಟ್ಟರೆ ಒಂದು ಗಂಟೆಯೊಳಗೆ ಹೊರಡುವ ಬದಲಿ ವಿಮಾನ ಕೊಡಬೇಕು. ಆಗದಿದ್ದರೆ, 24 ಗಂಟೆಯೊಳಗಿನ ವಿಮಾನ ಕೊಟ್ಟರೂ ಮೂಲ ದರದ ಎರಡು ಪಾಲು ಮತ್ತು ಇಂಧನ ಶುಲ್ಕ ಸೇರಿ 10,000 ರೂಪಾಯಿವರೆಗೆ ಪರಿಹಾರ. ಅದಕ್ಕೂ ತಡವಾದರೆ ನಾಲ್ಕು ಪಾಲು, 20,000ದವರೆಗೆ. ಪ್ರಯಾಣಿಕನ ಸೀಟಿಗೆ ಕಾನೂನು ಒಂದು ಬೆಲೆ ಕಟ್ಟಿದೆ. ಆದರೆ ಅದೇ ವಿಮಾನಕ್ಕೆ ಜನರನ್ನು ಹತ್ತಿಸುವ ಹುಡುಗಿಗೆ ಮನೆಯ ಸಾವಿನ ದಿನವೂ "ಉಳಿದರೆ ನೋಡುವಾ" ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಜಂಪ್ ಸೀಟಿನ ಪ್ರಶ್ನೆಗೆ ಮೊದಲು ಈ ಪ್ರಶ್ನೆ ಕೇಳಬೇಕಲ್ಲವೇ?

—

ಮಂಜೇಶ್ವರ_ಗ್ಯಾಲಿ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು.

ತಂಗೀ, ಆ ಹುಡುಗಿಯ ವಿಷಯ. ಯೂನಿಫಾರ್ಮಿನಲ್ಲಿ ಕೊನೆಗೆ ಓಡಿ ಬಂದದ್ದು ಅಂದ್ರೆ ಹೆಚ್ಚಾಗಿ ಪೊಸಿಷನಿಂಗ್ ಇರ್ತದೆ. ಮಂಗಳೂರಿನಿಂದ ರಾತ್ರಿಯೋ ಬೆಳಿಗ್ಗೆಯೋ ಹೊರಡುವ ವಿಮಾನಕ್ಕೆ ಒಬ್ಬರು ಹುಷಾರಿಲ್ಲ ಅಂತಾಗಿ ಬದಲಿಗೆ ಕಳಿಸುವುದು. 50 ಸೀಟಿಗೆ ಒಬ್ಬರ ಲೆಕ್ಕದಲ್ಲಿ 180 ಸೀಟಿಗೆ ನಾಲ್ಕು ಜನ ಬೇಕೇ ಬೇಕು. ಮೂವರಿದ್ರೆ ಆ ವಿಮಾನ ಏಳುವುದಿಲ್ಲ, 180 ಜನ ಬಜ್ಪೆಯಲ್ಲಿ ಬಾಕಿ. ಹಾಗೆ ಹೋಗುವ ಸಮಯವೂ ನಮಗೆ ಡ್ಯೂಟಿಯ ಲೆಕ್ಕಕ್ಕೇ ಸೇರ್ತದೆ, ರಜೆ ಅಲ್ಲ. ಅವಳ ಮನೆ ಸುರತ್ಕಲ್ ಇರಬಹುದು. ಆ ರಾತ್ರಿ ಮನೆಗೆ ಹೋಗಿದ್ದಾಳೆ ಅಂತ ನನಗೆ ಅನಿಸುವುದಿಲ್ಲ. ನಿಮ್ಮ ರೋಸ್ಟರಿನವರ ಹತ್ರ ಕೇಳಿ ನೋಡಿ, ಗೊತ್ತಾಗ್ತದೆ.

ಹೆಚ್ಚಿನ ಸೀಟು ಖಾಲಿ ಇದ್ರೆ ಏನು ನಷ್ಟ ಅಂದ್ರಲ್ಲ. ಖಾಲಿ ಸೀಟು ಮಡಚಿಕೊಂಡು ಗೋಡೆಗೆ ಸೇರ್ತದೆ. ಜನ ಕೂತ ಸೀಟು ಹಾಗಲ್ಲ. ಗಾಬರಿಯಲ್ಲಿ ಹೆಗಲ ಪಟ್ಟಿ ಬಿಡಿಸಲಿಕ್ಕೆ ಬಾರದೆ ಅಲ್ಲೇ ಒದ್ದಾಡಿದ್ರೆ ಬಾಗಿಲಿನ ದಾರಿಯಲ್ಲೇ ಒಬ್ಬರು ಸಿಕ್ಕಿಬಿದ್ದ ಹಾಗೆ.

—

ಕೊಯಿಪಾಡಿ

ಈ ಚರ್ಚೆಯಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದು ಬಜ್ಪೆಯಲ್ಲಿ ಅಪಘಾತವಾದ ವಿಮಾನದಲ್ಲಿ ನನ್ನ ಮಾವ ಇದ್ದರು, ಅಮ್ಮನ ತಮ್ಮ. 166 ಜನರಲ್ಲಿ ಉಳಿದದ್ದು ಎಂಟು. ನಮ್ಮ ಕಾಸರಗೋಡು ತಾಲೂಕಿನ ಎಷ್ಟು ಮನೆಗಳಲ್ಲಿ ಆ ದಿನ ಒಲೆ ಉರಿಯಲಿಲ್ಲ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ನಾನು ಆಗ ಹತ್ತನೇ ಕ್ಲಾಸು. ಮಂಗಳೂರಿನ ಆಸ್ಪತ್ರೆಯ ವರಾಂಡದಲ್ಲಿ ಅಪ್ಪನ ಕೈ ಹಿಡಿದು ನಿಂತದ್ದು, ಒಂದು ವಾಚು ನೋಡಿ ಅಮ್ಮ ಕೂಗಿದ್ದು, ಇಷ್ಟು ನೆನಪು.

ಉಳಿದವರು ಹೊರಗೆ ಬಂದದ್ದು ಬಾಗಿಲಿನಿಂದ ಅಲ್ಲ. ವಿಮಾನ ಒಡೆದು ಆದ ಸೀಳಿನಿಂದ. ನಾಲ್ಕು ಕ್ಯಾಬಿನ್ ಕ್ರೂ ಇದ್ದರು, ನಾಲ್ಕೂ ಜನ ಹೋದರು. ಅವರಿಗೆ ಬಾಗಿಲು ತೆಗೆಯಲಿಕ್ಕೆ ಸಮಯ ಸಿಕ್ಕಿತ್ತೋ ಇಲ್ಲವೋ ಅಂತ ಅಮ್ಮ ಈಗಲೂ ಕೇಳ್ತಾರೆ. ನಾನು ಏನು ಹೇಳಲಿ.

ನೀರ್ಚಾಲಿನವರೇ, ನಿಮ್ಮ ಸಂಕಟ ನನಗೆ ಅರ್ಥ ಆಗ್ತದೆ. ಆದ್ರೆ ಆ ಸೀಟಿನಲ್ಲಿ ಕೂರುವವರು ಆ ಬಾಗಿಲಿಗಾಗಿ ಕೂತವರೇ ಆಗಿರಬೇಕು. ನನ್ನ ಮನೆಯವರು ಹತ್ತುವ ವಿಮಾನದಲ್ಲಿ ನನಗೆ ಇಷ್ಟು ಬೇಕು.

—

ಮಂಜೇಶ್ವರ_ಗ್ಯಾಲಿ

ಕೊಯಿಪಾಡಿ ತಮ್ಮ, ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಾನು ಈ ಕೆಲಸಕ್ಕೆ ಸೇರಿದ್ದು ಆ ಅಪಘಾತದ ನಂತರ. ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ.

ಅಮ್ಮನಿಗೆ ಇನ್ನೊಂದು ಸಂಗತಿ ಹೇಳಬಹುದು. 2020ರ ಆಗಸ್ಟ್ 7ರಂದು ಕೋಝಿಕ್ಕೋಡಿನಲ್ಲಿ, ಅದೂ ಗುಡ್ಡದ ಮೇಲಿನ ರನ್‌ವೇ, ಅದೂ ದುಬೈ ವಿಮಾನ, ಅದೂ ಮಳೆ. 190 ಜನರಲ್ಲಿ 21 ಜನ ತೀರಿಕೊಂಡರು, ಪೈಲಟ್‌ಗಳಿಬ್ಬರೂ ಸೇರಿ. ಕ್ಯಾಬಿನ್ ಕ್ರೂ ನಾಲ್ಕೂ ಜನ ಉಳಿದರು. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ರನ್‌ವೇಯಲ್ಲೇ ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ ಬೆಂಕಿ ಹಿಡಿದ ಏರ್‌ಬಸ್ಸಿನಿಂದ 379 ಜನರೂ ಹೊರಗೆ ಬಂದರು. ಎಂಟು ಬಾಗಿಲಲ್ಲಿ ಮೂರನ್ನು ಮಾತ್ರ ತೆರೆದರು. ಉಳಿದ ಐದನ್ನು ತೆರೆಯಬಾರದು ಅಂತ ನಿರ್ಧಾರ ಮಾಡಿದ್ದೂ ಜಂಪ್ ಸೀಟಿನಲ್ಲಿ ಕೂತವರೇ. ತೆರೆಯದೆ ಬಿಡುವುದನ್ನೂ ಕಲಿಯಬೇಕು, ಅದೇ ಕಷ್ಟದ್ದು.

—

ಉಪ್ಪಳದವ_ಶಾರ್ಜಾ

ಕೊಯಿಪಾಡಿ ಭಾಯಿ, ಅಂದು ನಮ್ಮ ಬೀದಿಯಿಂದಲೂ ಮಯ್ಯತ್ತು ಹೊರಟಿತ್ತು. ಕಂಡಕ್ಟರ್ ಸೀಟಿನ ಹೋಲಿಕೆ ನಾನು ವಾಪಸ್ ತೆಗೊಂಡೆ.

ಆದ್ರೆ ಒಂದು ಕೇಳ್ಲಿಕ್ಕುಂಟು. ಗ್ರೌಂಡ್ ಸ್ಟಾಫಿಗೂ ಆ ಟ್ರೈನಿಂಗ್ ಕೊಟ್ರೆ ಆಗದಾ? ಬೇಕಾದವರು ಕಲೀಲಿ.

—

ಲೋಡ್‌ಶೀಟ್_ಬಜ್ಪೆ

ಕೊಡಬಹುದು, ಆದ್ರೆ ಕೊಟ್ಟರೂ ಉಪಯೋಗ ಕಡಿಮೆ. ತರಬೇತಿ ಒಂದು ಸಲದ್ದಲ್ಲ, ವರ್ಷ ವರ್ಷ ನವೀಕರಿಸಬೇಕು, ವಿಮಾನದ ಮಾದರಿ ಬದಲಾದರೆ ಬಾಗಿಲೂ ಬೇರೆ. ಮಂಗಳೂರಿಗೆ ಬರುವ ಸಣ್ಣ ವಿಮಾನ ಎಟಿಆರ್ ನೋಡಿ. 78 ಸೀಟು, ಇಬ್ಬರೇ ಕ್ರೂ. ಅಲ್ಲಿ ಹೆಚ್ಚಿನ ಸೀಟಿನ ಮಾತೇ ಬರುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ಸಿಕ್ಕಿದರೆ ಸಿಕ್ಕಿತು ಅನ್ನುವ ಸೀಟಿಗೋಸ್ಕರ ಅಷ್ಟು ಖರ್ಚು ಯಾವ ಕಂಪೆನಿ ಮಾಡ್ತದೆ?

ಇದಕ್ಕಿಂತ ಸುಲಭದ ದಾರಿ ಉಂಟು. ತಂದೆ, ತಾಯಿ, ಅಜ್ಜ, ಅಜ್ಜಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ತೀರಿಕೊಂಡಾಗ ನೌಕರರಿಗೆ ಸಬ್‌ಲೋಡ್ ಅಲ್ಲ, ಖಾತ್ರಿ ಸೀಟು ಕೊಡಲಿ. ಕ್ರೂ ಪೊಸಿಷನಿಂಗಿಗೆ ಹಾಗೆಯೇ ಬ್ಲಾಕ್ ಮಾಡ್ತಾರಲ್ಲ, ಅದೇ ರೀತಿ. ವಿಮಾನ ತುಂಬಿದ್ದರೆ ಗೇಟಿನಲ್ಲಿ ಮೈಕ್ ಹಿಡಿದು, ಮುಂದಿನ ಫ್ಲೈಟಿಗೆ ಹೋಗಲು ಯಾರಾದರೂ ಮನಸ್ಸು ಮಾಡ್ತೀರಾ, ವೋಚರ್ ಕೊಡ್ತೇವೆ ಅಂತ ಕೇಳಲಿ. ಸಾವಿಗೆ ಅಂತ ಹೇಳಿದ್ರೆ 180 ಜನರಲ್ಲಿ ಒಬ್ಬರು ಏಳುವುದಿಲ್ಲವಾ? ನಾನು ಕಂಡ ಹಾಗೆ ನಮ್ಮ ಜನ ಏಳ್ತಾರೆ. ಬಜ್ಪೆಯಲ್ಲಿ ಒಂದು ಸಲ ವೋಚರ್ ಕೂಡ ಬೇಡ ಅಂತ ಎದ್ದು ಬಂದವರನ್ನು ನೋಡಿದ್ದೇನೆ. ತೊಕ್ಕೊಟ್ಟಿನ ಒಬ್ಬ ಬ್ಯಾರಿ ವ್ಯಾಪಾರಿ, ಕೈಯಲ್ಲಿ ಸೊಸೆಗೆ ಅಂತ ಕಟ್ಟಿದ ಹಲಸಿನ ಹಪ್ಪಳದ ಕಟ್ಟು.

—

ಮಧೂರು_ಮೇಷ್ಟ್ರು

ಇದನ್ನು ಬರೆದು ಕೊಡಿ. ಅರ್ಜಿಯ ಭಾಷೆ ನಾನು ನೋಡಿ ತಿದ್ದುತ್ತೇನೆ.

—

ನೀರ್ಚಾಲು_ತೋಟ

ಎಲ್ಲರ ಬರಹವನ್ನೂ ಎರಡೆರಡು ಸಲ ಓದಿದೆ. ಕೊಯಿಪಾಡಿ ಅಣ್ಣ ಬರೆದದ್ದನ್ನು ಅಮ್ಮನಿಗೂ ಓದಿ ಹೇಳಿದೆ.

ರೋಸ್ಟರಿನಲ್ಲಿ ಕೇಳಿದೆ. ಮಂಜೇಶ್ವರದ ಅಕ್ಕ ಹೇಳಿದ್ದೇ ಸರಿ. ಆ ಹುಡುಗಿ ಮರುದಿನ ಬೆಳಿಗ್ಗೆ ಆರರ ಮುಂಬೈ ಫ್ಲೈಟಿಗೆ ಬದಲಿ. ರಾತ್ರಿ ಹೋಟೆಲಿನಲ್ಲೇ ಇದ್ದಳಂತೆ. ಅವಳ ಮೇಲೆ ಒಂದು ವಾರ ಸಿಟ್ಟು ಇಟ್ಟುಕೊಂಡಿದ್ದೆ. ನಿನ್ನೆ ಕೌಂಟರಿನ ಎದುರು ಸಿಕ್ಕಿದಳು, ಮಾತಾಡಿಸಿದೆ. ಆ ದಿನ ನಾನು ಗೇಟಿನಲ್ಲಿ ಯಾಕೆ ನಿಂತಿದ್ದೆ ಅಂತ ಅವಳಿಗೆ ಯಾರೂ ಹೇಳಿರಲೇ ಇಲ್ಲ.

ಜಂಪ್ ಸೀಟು ಕೇಳಿದ್ದು ತಪ್ಪು ಅಂತ ಈಗ ಒಪ್ತೇನೆ. ಆದರೆ ನನ್ನನ್ನು ಸಬ್‌ಲೋಡಿನಲ್ಲಿ ನಿಲ್ಲಿಸಿದ್ದು ಸರಿ ಅಂತ ಒಪ್ಪುವುದಿಲ್ಲ. ಯಾರೂ ಮೈಕ್ ಹಿಡಿದು ಕೇಳಲಿಲ್ಲ. ಕೇಳಬಹುದು ಅಂತ ನನಗೂ ಹೊಳೆಯಲಿಲ್ಲ, ದಿನಾ ಆ ಮೈಕ್ ಹಿಡಿಯುವವಳು ನಾನೇ ಆಗಿದ್ದರೂ.

ಅರ್ಜಿ ಬರೆದಿದ್ದೇನೆ, ಒಂದೂವರೆ ಪುಟ. ಬಜ್ಪೆಯವರು ಹೇಳಿದ ಸಂಬಂಧಗಳ ಪಟ್ಟಿ ಹಾಕಿದ್ದೇನೆ, ಅತ್ತೆ ಮಾವಂದಿರನ್ನೂ ಸೇರಿಸಿದೆ. ನಮ್ಮ ಶಿಫ್ಟಿನ ಹದಿನಾರು ಜನ ಸಹಿ ಹಾಕಿದ್ದಾರೆ, ಇಬ್ಬರು ಕ್ರೂ ಕೂಡ. ಅದರಲ್ಲಿ ಒಬ್ಬಳು ಅವಳೇ. ಮೇಷ್ಟ್ರೇ, ಪ್ರತಿ ನಿಮಗೆ ಕಳಿಸಿದ್ದೇನೆ.

ನಾಡಿದ್ದು ಅಜ್ಜಿಯ ಬೊಜ್ಜ, ಉತ್ತರಕ್ರಿಯೆ. ಕಣ್ಣೂರು ಎಕ್ಸ್‌ಪ್ರೆಸ್ಸಿಗೆ ರಿಸರ್ವೇಶನ್ ಮಾಡಿದ್ದೇನೆ, ಬರ್ತ್ ಕನ್ಫರ್ಮ್ ಆಗಿದೆ.

—

ಮಧೂರು_ಮೇಷ್ಟ್ರು

ಬಂತು. ಎರಡನೇ ಪ್ಯಾರಾದಲ್ಲಿ "ದಯವಿಟ್ಟು ಪರಿಗಣಿಸಬೇಕು" ಅಂತ ಇದ್ದದ್ದನ್ನು "ನಿಯಮವಾಗಿ ಸೇರಿಸಬೇಕು" ಅಂತ ಮಾಡಿದ್ದೇನೆ. ಉಳಿದದ್ದು ಹಾಗೆಯೇ ಇರಲಿ.